ಐಟಿಐ ಮುಗಿಯಿತು, ಅಪ್ರೆಂಟಿಸ್ ಸೇರುವ ಮುಂಚೆ ಇಷ್ಟು ನೋಡಿಕೊಳ್ಳಿ

ನಾನು ಬೆಂಗಳೂರಿನ ಪೀಣ್ಯದ ಒಂದು ಟೂಲ್‌ರೂಮಿನಲ್ಲಿ (ಅಚ್ಚು, ಉಪಕರಣ ಮಾಡುವ ಶಾಪ್) ಟರ್ನರ್, ಅಂದರೆ ಲೇತ್ ಮಷೀನಿನಲ್ಲಿ ಲೋಹ ತಿರುಗಿಸಿ ಆಕಾರಕ್ಕೆ ತರುವವನು. ಐಟಿಐ ರಿಸಲ್ಟ್ ಬಂದ ಮೇಲೆ ಹುಡುಗರು ಬಯೋಡೇಟಾ ಹಿಡಿದುಕೊಂಡು ನಮ್ಮ ಗೇಟಿಗೆ ಬರುತ್ತಾರೆ. ಈಗೀಗ ಹುಡುಗಿಯರೂ ಬರುತ್ತಿದ್ದಾರೆ, ಸಂತೋಷ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಸ್ಟೈಪೆಂಡ್ ಎಷ್ಟು ಸಾರ್?" ಕೇಳಿ, ತಪ್ಪಿಲ್ಲ. ಆದರೆ ಅದಕ್ಕೂ ಮುಂಚೆ ಇನ್ನೆರಡು ಕೇಳಿ. ಪೋರ್ಟಲ್‌ನಲ್ಲಿ ಕಾಂಟ್ರಾಕ್ಟ್ ಮಾಡುತ್ತೀರಾ? ನನ್ನನ್ನು ಯಾವ ಮಷೀನಿಗೆ ಹಾಕುತ್ತೀರಾ?

ಕಾಂಟ್ರಾಕ್ಟ್ ಯಾಕೆ ಅಂದ್ರೆ, ಅಪ್ರೆಂಟಿಸ್‌ಗೆ 1961ರಿಂದಲೇ ಒಂದು ಕಾಯ್ದೆ ಇದೆ. ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಕಂಪನಿ ಕಾಂಟ್ರಾಕ್ಟ್ ಹಾಕಬೇಕು, ನೀವು ಒಪ್ಪಬೇಕು. ಆಗ ಮಾತ್ರ ಕೊನೆಯಲ್ಲಿ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್, ಅಂದರೆ ಎನ್‌ಎಸಿ, ಪಡೆಯಬಹುದು. "ಸುಮ್ನೆ ಬಂದು ಕಲಿ, ಪೇಪರ್ ಆಮೇಲೆ ನೋಡೋಣ" ಅಂದರೆ ನಂಬಬೇಡಿ. ಆ 'ಆಮೇಲೆ' ಬರುವುದೇ ಇಲ್ಲ. 30 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳುವುದು ಕಡ್ಡಾಯ. ಅದಕ್ಕಿಂತ ಚಿಕ್ಕ ಶಾಪ್‌ನವರು ಬೇಕಾದರೆ ತೆಗೆದುಕೊಳ್ಳಬಹುದು. ಹಾಗಾಗಿ ಚಿಕ್ಕ ಜಾಗದಲ್ಲೂ ಧೈರ್ಯವಾಗಿ ಕೇಳಿ.

ನೋಂದಣಿಗೆ ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್, ಐಟಿಐ ಸರ್ಟಿಫಿಕೇಟ್, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಳ್ಳಿ. ನಮ್ಮವರಿಗೆ ತೊಂದರೆ ಆಗುವುದು ಇನಿಷಿಯಲ್‌ನಲ್ಲಿ. ಮಾರ್ಕ್ಸ್‌ಕಾರ್ಡಿನಲ್ಲಿ 'ಮಂಜುನಾಥ ಕೆ', ಆಧಾರ್‌ನಲ್ಲಿ 'ಕೆ ಮಂಜುನಾಥ', ಬ್ಯಾಂಕಿನಲ್ಲಿ ಅಪ್ಪನ ಪೂರ್ತಿ ಹೆಸರು. ಇದನ್ನು ಮೊದಲೇ ಸರಿಮಾಡಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೂ ಆಗಿರಲಿ. ಯಾಕಂದ್ರೆ ಸರ್ಕಾರದ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿ ಮೀರದಂತೆ, ನೇರ ನಿಮ್ಮ ಖಾತೆಗೇ ಬರುತ್ತದೆ.

ಸ್ಟೈಪೆಂಡ್ ವಿಷಯಕ್ಕೆ ಬರೋಣ. ಐಟಿಐ ಮಾಡಿದವರಿಗೆ 2019ರ ನಿಯಮದಲ್ಲಿ ಕನಿಷ್ಠ 7,000 ರೂಪಾಯಿ ಅಂತ ಇಟ್ಟರು. ಸೇರುವ ದಿನ ಪೋರ್ಟಲ್‌ನಲ್ಲಿ ಆಗಿನ ದರ ನೋಡಿಕೊಳ್ಳಿ. ಪಿಎಫ್, ಇಎಸ್‌ಐ ಇರುವುದಿಲ್ಲ. ಪೀಣ್ಯದಲ್ಲಿ ರೂಮ್ ಬಾಡಿಗೆ, ಊಟ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ಕ್ಯಾಂಟೀನ್ ಇದೆಯಾ ಅಂತ ಕೇಳುವುದರಲ್ಲಿ ನಾಚಿಕೆ ಬೇಡ.

ಸರ್ಕಾರಿ ಕೆಲಸದ ಆಸೆ ಇದ್ದರೆ ರೈಲ್ವೆ ನೋಡಿ. ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪ್‌ಗಳಿಗೆ ನೈಋತ್ಯ ರೈಲ್ವೆ ಅಪ್ರೆಂಟಿಸ್ ಕರೆಯುತ್ತದೆ. ಲಿಖಿತ ಪರೀಕ್ಷೆ ಇಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕದ ಮೇಲೆ ಆಯ್ಕೆ. ಅಂಕ ಚೆನ್ನಾಗಿದ್ದರೆ ಬಿಡಬೇಡಿ. ಇಲ್ಲದಿದ್ದರೆ ಕೊರಗುವುದೂ ಬೇಡ. ಕೈ ಪಳಗುವುದಕ್ಕೆ ಚಿಕ್ಕ ಟೂಲ್‌ರೂಮೇ ಮೇಲು ಅಂತ ನನ್ನ ಅಭಿಪ್ರಾಯ. ದೊಡ್ಡ ಫ್ಯಾಕ್ಟರಿಯ ಲೈನಿನಲ್ಲಿ ದಿನವೆಲ್ಲ ಒಂದೇ ಪೀಸ್ ಹಾಕಿ ತೆಗೆಯುವ ಹಾಗಾಗಬಹುದು. ಟೂಲ್‌ರೂಮಿನಲ್ಲಿ ಇವತ್ತು ಪಂಚ್, ನಾಳೆ ಬುಷ್, ಹೀಗೆ ಬೇರೆ ಬೇರೆ ಪೀಸ್ ಕೈಗೆ ಬರುತ್ತದೆ.

ಮೊದಲ ವಾರಗಳಲ್ಲಿ ಲೇತ್ ಸಿಗದೇ ಇರಬಹುದು. ವೈಸ್ (ಪೀಸನ್ನು ಕಚ್ಚಿ ಹಿಡಿಯುವ ಸಾಧನ) ಮುಂದೆ ನಿಲ್ಲಿಸಿ ಫೈಲ್, ಅಂದರೆ ಅರ, ಕೊಡುತ್ತಾರೆ. ಐಟಿಐಯಲ್ಲೇ ಮಾಡಿದ್ದೀನಿ ಅಂತ ಮುಖ ಸಿಂಡರಿಸಬೇಡಿ. ವೈಸ್ ನಿಮ್ಮ ಮೊಣಕೈ ಮಟ್ಟಕ್ಕೆ ಇದೆಯಾ ನೋಡಿ. ಫೈಲ್ ಮುಂದೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದೆ ಎಳೆಯುವಾಗ ಕೈ ಹಗುರ. ತಳ್ಳಲು ಶುರು ಮಾಡಿದಾಗ ಒತ್ತಡ ಎಡಗೈಯಲ್ಲಿ ಜಾಸ್ತಿ. ಫೈಲ್ ಮುಂದೆ ಹೋದ ಹಾಗೆ ಅದು ನಿಧಾನವಾಗಿ ಬಲಗೈಗೆ ಬರಬೇಕು. ಇದು ತಪ್ಪಿದರೆ ಫೈಲ್ ಏತದ ಹಾಗೆ ತೂಗುತ್ತದೆ, ಪೀಸಿನ ಎರಡೂ ಅಂಚು ಸವೆದು ನಡುವೆ ಉಬ್ಬು ಉಳಿಯುತ್ತದೆ. ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಬೆಳಕು ತೂರಿದರೆ ಮತ್ತೆ ಫೈಲ್ ಹಿಡಿಯಿರಿ. ಹಲ್ಲಿನ ಸಂದಿಗೆ ಪುಡಿ ಕಚ್ಚದಿರಲು ಫೈಲಿಗೆ ಸ್ವಲ್ಪ ಚಾಕ್‌ಪೀಸ್ ಉಜ್ಜಿ.

ಲೇತ್‌ಗೆ ಬಂದ ಮೇಲೆ ನಾನು ಪಟ್ಟುಹಿಡಿದು ಹೇಳುವುದು ಚಕ್ ಕೀ ವಿಷಯ. ಚಕ್ ಅಂದರೆ ಲೇತ್‌ನಲ್ಲಿ ಪೀಸ್ ಹಿಡಿದು ತಿರುಗುವ ಭಾಗ, ಕೀ ಅದನ್ನು ಬಿಗಿ ಮಾಡುವುದಕ್ಕೆ. ಚಕ್ ಬಿಗಿ ಮಾಡಿದ ಕೂಡಲೇ ಕೀ ತೆಗೆದು ಅದರ ಜಾಗಕ್ಕೆ ಇಡಿ. ಚಕ್‌ನಲ್ಲಿ ಕೀ ಇರುವಾಗ ಕೈ ಬಿಡಲೇಬೇಡಿ. ಮರೆತು ಮಷೀನ್ ಆನ್ ಮಾಡಿದರೆ ಅದು ಎಲ್ಲಿಗೆ ಹಾರುತ್ತದೋ ಗೊತ್ತಿಲ್ಲ. ಗ್ಲೌಸ್, ಉಂಗುರ, ಉದ್ದ ತೋಳು ಬೇಡ. ದೇವಸ್ಥಾನದಲ್ಲಿ ಕೈಗೆ ಕಟ್ಟಿದ ದಾರವೂ ಬೇಡ, ಬಿಚ್ಚಿ ಲಾಕರ್‌ನಲ್ಲಿಡಿ, ದೇವರು ಏನೂ ಅಂದುಕೊಳ್ಳುವುದಿಲ್ಲ. ಚಿಪ್ಸ್, ಅಂದರೆ ಕತ್ತರಿಸಿ ಬಂದ ಲೋಹದ ಚೂರು, ತೆಗೆಯಲು ಕೊಕ್ಕೆ ಇರುತ್ತದೆ, ಬರಿಗೈ ಹಾಕಬೇಡಿ.

ಒಂದು ಚಿಕ್ಕ ನೋಟ್‌ಬುಕ್ ಜೇಬಿನಲ್ಲಿರಲಿ. ಮೆಟೀರಿಯಲ್ ಯಾವುದು, ಸ್ಪೀಡ್ ಎಷ್ಟು, ಯಾವ ಟೂಲ್, ಫಿನಿಶ್ ಹೇಗೆ ಬಂತು ಅಂತ ಆಗಿಂದಾಗ್ಗೆ ಬರೆಯಿರಿ. ಸೀನಿಯರ್ ಅಣ್ಣಂದಿರು ಕೇಳಿದರೆ ಹೇಳುತ್ತಾರೆ. ಆದರೆ ಅವರು ಅಳತೆ ನೋಡುವ ಹೊತ್ತಿನಲ್ಲಿ ಮಾತಾಡಿಸಬೇಡಿ, ಟೀ ಬ್ರೇಕ್‌ನಲ್ಲಿ ಕೇಳಿ.

ಅವಧಿ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಕೊನೆಯ ಎರಡು ಮೂರು ತಿಂಗಳಲ್ಲೇ ಅಕ್ಕಪಕ್ಕದ ಶಾಪ್‌ಗಳಲ್ಲಿ ವಿಚಾರಿಸಲು ಶುರುಮಾಡಿ. ನಮ್ಮ ಕಡೆ ಇಂಟರ್ವ್ಯೂ ಅಂದರೆ ಮಾತು ಕಮ್ಮಿ. ಒಂದು ಡ್ರಾಯಿಂಗ್, ಒಂದು ತುಂಡು ರಾಡ್ ಕೊಟ್ಟು ಲೇತ್ ಮುಂದೆ ನಿಲ್ಲಿಸುತ್ತಾರೆ. ನಿಮ್ಮದೇ ವರ್ನಿಯರ್ (ಅಳತೆಯ ಸಾಧನ) ಇದ್ದರೆ ತೆಗೆದುಕೊಂಡು ಹೋಗಿ, ಅಳೆಯುವ ಮುಂಚೆ ಅದರ ಝೀರೋ ನೋಡಿಕೊಳ್ಳಿ.