ಫಿಜಿ ಶಾಂತಿಪಡೆ ಬಗ್ಗೆ ಸೆಮಿನಾರ್ ಇದ್ಯಾ? ಹಿಂಗ್ ರೆಡಿ ಮಾಡ್ಕೊಳಿ

ಪುಟ್ಟ ದ್ವೀಪದೇಶ ಫಿಜಿ ತನ್ ಸೈನಿಕರ್ನ ಬೇರೆ ದೇಶಗಳಿಗೆ ಶಾಂತಿ ಕಾಯೋಕೆ ಕಳಿಸತ್ತೆ. ಪೊಲಿಟಿಕಲ್ ಸೈನ್ಸಲ್ಲಿ ಈ ಟಾಪಿಕ್ ಬಂತು ಅಂದ್ರೆ ನಮ್ ಹುಡುಗ್ರು ವಿಶ್ವಸಂಸ್ಥೆ ಹುಟ್ಟಿದ್ದು 1945ರಲ್ಲಿ ಅಂತ ಶುರು ಹಚ್ಕೋತಾರೆ, ಹತ್ ನಿಮಿಷ ಅಲ್ಲೇ ಮುಗ್ದೋಗತ್ತೆ. ನಾನೂ ಮೈಸೂರಲ್ಲಿ ಓದ್ವಾಗ ಅದನ್ನೇ ಮಾಡಿ, ವಿಷ್ಯಕ್ಕೆ ಬರೋ ಮುಂಚೆ ಬೆಲ್ ಹೊಡೆಸ್ಕೊಂಡೋನೆ.

ಮೊದ್ಲು ಸೈಜ್ ಹೇಳಿ. ಇಡೀ ಫಿಜಿ ಜನಸಂಖ್ಯೆ ಸುಮಾರು 9 ಲಕ್ಷ, ನಮ್ ಮಂಡ್ಯ ಜಿಲ್ಲೆಯ ಅರ್ಧ. ಕ್ಲಾಸಲ್ಲಿ ಮಂಡ್ಯದವ್ರು ಇದ್ರೆ ಮುಂದಕ್ಕೆ ಕಬ್ಬಿಂದ ಎಳ್ಕೊಂಡೋಗಿ: 1879ರಿಂದ 1916ರ ತನಕ ಸುಮಾರು 60 ಸಾವಿರ ಭಾರತೀಯರ್ನ ಬ್ರಿಟಿಷ್ರು ಅಗ್ರಿಮೆಂಟ್ ಮೇಲೆ ಅಲ್ಲಿಗೆ ಸಾಗಿಸಿದ್ರು, ಹೆಚ್ಚಿನವ್ರು ದುಡಿದಿದ್ದು ಕಬ್ಬಿನ ಗದ್ದೇಲಿ, ಆ ಅಗ್ರಿಮೆಂಟ್ ಅನ್ನೋದೇ ಬಾಯಲ್ಲಿ ಸವ್ದು ಗಿರ್ಮಿಟ್ ಆಯ್ತು (ಹುಬ್ಬಳ್ಳಿ ಗಿರ್ಮಿಟ್ ಅಲ್ಲ ಮತ್ತೆ). ಇದನ್ನ ಬಿಟ್ರೆ ಮುಂದಿಂದು ಅರ್ಥಾನೇ ಆಗಲ್ಲ, ಯಾಕಂದ್ರೆ ಸೈನ್ಯದಲ್ಲಿ ಬಹುಪಾಲು ಇರೋದು ಮೂಲನಿವಾಸಿ ಇತೌಕೇಯಿಗಳು, ಗಿರ್ಮಿಟ್ ಮೊಮ್ಮಕ್ಕಳು ತೀರಾ ಕಮ್ಮಿ. ನೀಲಿ ಟೋಪಿ (ವಿಶ್ವಸಂಸ್ಥೆ ಶಾಂತಿಪಡೆಯವ್ರು ಹಾಕೋದು) ದೇಶದ ಹೆಮ್ಮೆ ಅಂದ್ರೆ ಯಾರ ಹೆಮ್ಮೆ, ಇದನ್ನ ಕೇಳ್ಲೇಬೇಕು.

ಆಮೇಲೆ ಬೋರ್ಡ್ ಮೇಲೆ ನಡುವೆ ಒಂದ್ ಗೆರೆ ಎಳೀರಿ. ಎಡಕ್ಕೆ ಹೊರಗಿನ ಕೆಲ್ಸ: 1970ರಲ್ಲಿ ಸ್ವಾತಂತ್ರ್ಯ, ಎಂಟೇ ವರ್ಷಕ್ಕೆ ವಿಶ್ವಸಂಸ್ಥೆ ಪಡೆ ಜೊತೆ ಲೆಬನಾನ್, 1982ರಲ್ಲಿ ಈಜಿಪ್ಟಿನ ಸಿನಾಯ್ (ಇದು ವಿಶ್ವಸಂಸ್ಥೆ ಪಡೆ ಅಲ್ಲ, ಮಾರ್ಕ್ಸ್ ಹೋಗೋದು ಇಲ್ಲೇ), 2014ರಲ್ಲಿ ಸಿರಿಯಾ-ಇಸ್ರೇಲ್ ನಡುವಿನ ಗೋಲನ್‌ನಲ್ಲಿ 45 ಜನ ಫಿಜಿ ಸೈನಿಕರು ಉಗ್ರರ ಕೈಗೆ ಸಿಕ್ಕಿ ಎರಡು ವಾರ ಆದ್ಮೇಲೆ ಬಿಡುಗಡೆ ಆದ್ರು. ಬಲಕ್ಕೆ ಮನೆ ಒಳಗಿನ ರಾಮಾಯಣ: 1987ರಲ್ಲಿ ಎರಡು ಕ್ಷಿಪ್ರಕ್ರಾಂತಿ, 2000ದಲ್ಲಿ ಒಂದು, 2006ರಲ್ಲಿ ಇನ್ನೊಂದು. ಈಗ 1987ರಿಂದ ಲೆಬನಾನ್‌ಗೆ ಒಂದ್ ಬಾಣ ಹಾಕಿ. ಆ ಕ್ರಾಂತಿ ಮಾಡಿದ ಸಿತಿವೇನಿ ರಬುಕಾನೇ ಅದಕ್ಕೂ ಮುಂಚೆ ಲೆಬನಾನ್‌ನಲ್ಲಿ ಫಿಜಿ ಬೆಟಾಲಿಯನ್ ಕಮಾಂಡರ್! ನಿಮ್ ಸೆಮಿನಾರ್ ಇರೋದೇ ಈ ಬಾಣದಲ್ಲಿ, ಇಲ್ಲಿ ಟೈಮ್ ತಗೊಳಿ, ಬೇರೆ ಕಡೆ ಓಡ್ಸಿ.

ದುಡ್ಡಿನ ಮಾತು ಒಂದೇ ವಾಕ್ಯ ಸಾಕು: ವಿಶ್ವಸಂಸ್ಥೆ ಒಬ್ಬ ಸೈನಿಕನಿಗೆ ತಿಂಗಳಿಗೆ 1,400 ಡಾಲರ್‌ಗಿಂತ ಜಾಸ್ತಿ ಲೆಕ್ಕ ಹಾಕಿ ಕೊಡೋದು ಸರ್ಕಾರಕ್ಕೆ, ಸೈನಿಕನ ಕೈಗಲ್ಲ. ಆದ್ರೆ ಬರೀ ಕಾಸಿಗೋಸ್ಕರ ಹೋಗ್ತಾರೆ ಅಂತ ಮಾತ್ರ ಹೇಳ್ಬೇಡಿ, ಅದು ಸೋಂಬೇರಿ ಉತ್ತರ.

ಕೊನೇಗೆ ಹಿಂದಿನ ಬೆಂಚಿಂದ ಯಾರಾದ್ರೂ ನಮ್ಮೋರ್ ಕಥೆ ಏನಪ್ಪ ಅಂತ ಕೇಳೇ ಕೇಳ್ತಾರೆ. ಅದಕ್ಕೆ ಕೊಡಗಿನ ಜನರಲ್ ತಿಮ್ಮಯ್ಯನವರ್ನ ಜೇಬಲ್ಲಿ ಇಟ್ಕೊಂಡಿರಿ: ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆ ಕಮಾಂಡರ್ ಆಗಿದ್ದಾಗಲೇ, 1965ರ ಡಿಸೆಂಬರಲ್ಲಿ, ಅಲ್ಲೇ ತೀರ್ಕೊಂಡ್ರು. ಕೇಳಿದ್ಮೇಲೆ ಹೇಳಿ, ಮುಂಚೇನೇ ಹೇಳ್ಬಿಟ್ರೆ ಫಿಜಿ ಮರ್ತು ಎಲ್ರೂ ಮಡಿಕೇರಿಗೆ ಹೋಗ್ಬಿಡ್ತಾರೆ.