ಮದುವೆ ಸೀಸನ್‌ಗೆ ವರ್ಕರ್ ಆಟೋಸ್ಕೇಲಿಂಗ್: ನನ್ನ ಅನುಭವ

ನಾವು ಮಂಗಳೂರಿನಲ್ಲಿ ಕೂತು ನಡೆಸುವ ವೆಬ್ ಆ್ಯಪ್ ಮದುವೆ ಫೋಟೋಗ್ರಾಫರ್‌ಗಳಿಗಾಗಿ ಇರುವಂಥದ್ದು. ಕುಂದಾಪುರ, ಕಾರ್ಕಳ, ಬಂಟ್ವಾಳದ ಸ್ಟುಡಿಯೋದವರು ಫೋಟೋ ಅಪ್‌ಲೋಡ್ ಮಾಡುತ್ತಾರೆ. ಸೈಡ್‌ಕಿಕ್ ಎಂಬುದು ಕೆಲಸಗಳನ್ನು (ಜಾಬ್) ಸಾಲಿನಲ್ಲಿಟ್ಟು (ಕ್ಯೂ) ಹಿನ್ನೆಲೆಯಲ್ಲಿ ಮಾಡಿಸುವ ಸಾಫ್ಟ್‌ವೇರ್. ಅದರ ವರ್ಕರ್‌ಗಳು ಫೋಟೋಗಳ ಸೈಜ್ ಇಳಿಸಿ, ವಾಟರ್‌ಮಾರ್ಕ್ ಹಾಕಿ, ಆಲ್ಬಮ್‌ನ ಪಿಡಿಎಫ್ ಮಾಡುತ್ತವೆ. ಎಲ್ಲವೂ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಫಾರ್ಗೇಟ್ ಮೇಲೆ ಓಡುತ್ತದೆ. ಸರ್ವರ್ ನಾವು ನೋಡಿಕೊಳ್ಳದೆಯೇ ಕಂಟೇನರ್‌ಗಳನ್ನು ಓಡಿಸುವ ಸೇವೆ ಅದು.

ಲೋಡ್ ನಮ್ಮೂರಿನ ಕ್ಯಾಲೆಂಡರ್ ಹೇಳಿದ ಹಾಗೆ. ಏಪ್ರಿಲ್, ಮೇ ತಿಂಗಳ ಭಾನುವಾರ ರಿಸೆಪ್ಷನ್ ಮುಗಿಸಿ ಬಂದವರೆಲ್ಲ ಒಟ್ಟಿಗೇ ಅಪ್‌ಲೋಡ್‌ಗೆ ಕೂರುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ (ತುಳು ಕ್ಯಾಲೆಂಡರ್) ಮದುವೆ ತೀರಾ ಕಡಿಮೆ, ಕ್ಯೂ ಖಾಲಿ ಖಾಲಿ. ಫಾರ್ಗೇಟ್‌ನಲ್ಲಿ ಕೆಲಸ ಇರಲಿ ಬಿಡಲಿ, ಓಡಿದಷ್ಟು ಹೊತ್ತಿಗೂ ದುಡ್ಡು. ಹಾಗಾಗಿ ಬೇಕಾದಾಗ ವರ್ಕರ್ ತಾನಾಗಿ ಹೆಚ್ಚಬೇಕು, ಬೇಡದಾಗ ಇಳಿಯಬೇಕು. ಇದೇ ಆಟೋಸ್ಕೇಲಿಂಗ್.

ಯಾವ ಅಳತೆ ನೋಡಿ ಹೆಚ್ಚಿಸುವುದು? ಎಲ್ಲ ನಿಂತಿರುವುದು ಇಲ್ಲೇ. ಸಿಪಿಯು ನಂಬುವ ಹಾಗಿಲ್ಲ. ವರ್ಕರ್‌ಗಳು ಜಾಸ್ತಿ ಹೊತ್ತು ಎಡಬ್ಲ್ಯೂಎಸ್‌ನ ಫೈಲ್ ಸಂಗ್ರಹವಾದ ಎಸ್3ಯಿಂದ ಫೈಲ್ ಬರಲಿ ಎಂದು ಕಾಯುತ್ತಿರುತ್ತವೆ. ಸಿಪಿಯು ಕೆಳಗೇ ಇರುತ್ತದೆ, ಕ್ಯೂ ಬೆಳೆಯುತ್ತಲೇ ಇರುತ್ತದೆ. ಕ್ಯೂ ಉದ್ದವೂ ಸಾಲದು. ಸಾವಿರ ಥಂಬ್‌ನೇಲ್ (ಸೈಜ್ ಇಳಿಸಿದ ಪುಟ್ಟ ಫೋಟೋ) ಬೇಗ ಮುಗಿಯುತ್ತವೆ, ಇಪ್ಪತ್ತು ಆಲ್ಬಮ್ ಮುಗಿಯುವುದಿಲ್ಲ. "ಫೋಟೋ ಇನ್ನೂ ಬರ್ಲಿಲ್ಲ ಮಾರಾಯ್ರೇ" ಎಂದು ಫೋನ್ ಮಾಡುವವರಿಗೆ ಕ್ಯೂನಲ್ಲಿ ಎಷ್ಟು ಜಾಬ್ ಇವೆ ಎಂಬುದು ಬೇಡ, ತಾವು ಎಷ್ಟು ಹೊತ್ತು ಕಾಯಬೇಕು ಅನ್ನೋದೇ ಬೇಕು. ಅದನ್ನೇ ಅಳೆಯಬೇಕು, ಅಲ್ವಾ?

ಸೈಡ್‌ಕಿಕ್‌ನಲ್ಲಿ ಪ್ರತಿ ಕ್ಯೂಗೂ ಲೇಟೆನ್ಸಿ ಸಿಗುತ್ತದೆ. ಅಂದರೆ ಕ್ಯೂನಲ್ಲಿರುವ ಅತಿ ಹಳೆಯ ಜಾಬ್ ಎಷ್ಟು ಸೆಕೆಂಡಿನಿಂದ ಕಾಯುತ್ತಿದೆ ಎಂಬ ಲೆಕ್ಕ. ಒಂದು ಸಣ್ಣ ಸ್ಕ್ರಿಪ್ಟ್ ಅದನ್ನು ನಿಮಿಷಕ್ಕೊಮ್ಮೆ ಎಡಬ್ಲ್ಯೂಎಸ್‌ನಲ್ಲಿ ಇಂಥ ಅಳತೆಗಳ ಮೇಲೆ ಕಣ್ಣಿಡುವ ಕ್ಲೌಡ್‌ವಾಚ್‌ಗೆ ಕಳಿಸುತ್ತದೆ. ಥಂಬ್‌ನೇಲ್ ಕ್ಯೂನಲ್ಲಿ ಕಾಯುವಿಕೆ 60 ಸೆಕೆಂಡ್ ದಾಟಿದರೆ ಎರಡು ಟಾಸ್ಕ್ (ವರ್ಕರ್ ಓಡುವ ಕಂಟೇನರ್), 300 ದಾಟಿದರೆ ನಾಲ್ಕು ಟಾಸ್ಕ್ ಸೇರುತ್ತವೆ. ಆಲ್ಬಮ್‌ಗಳದ್ದು ಬೇರೆ ಕ್ಯೂ, ಬೇರೆ ಸರ್ವಿಸ್, ಬೇರೆ ಮಿತಿ. ಎರಡನ್ನೂ ಒಂದೇ ಕಡೆ ಹಾಕಿದರೆ ಲೇಟೆನ್ಸಿಗೆ ಅರ್ಥವೇ ಉಳಿಯುವುದಿಲ್ಲ. ಹೆಚ್ಚಿಸುವಾಗ ಅವಸರ ಮಾಡುತ್ತೇವೆ. ಇಳಿಸುವಾಗ ಹತ್ತು ನಿಮಿಷ ಕ್ಯೂ ಶಾಂತವಾಗಿದ್ದರೆ ಮಾತ್ರ, ಅದೂ ಒಂದೊಂದೇ.

ಇಳಿಸುವುದಕ್ಕೇ ನಿಜವಾಗಿ ಜಾಸ್ತಿ ತಲೆ ಓಡಿಸಬೇಕು. ಟಾಸ್ಕ್‌ಗಳನ್ನು ಶುರು ಮಾಡಿ ನಿಲ್ಲಿಸುವ ಎಡಬ್ಲ್ಯೂಎಸ್ ಸೇವೆಯಾದ ಇಸಿಎಸ್ ಮೊದಲು ಸಿಗ್‌ಟರ್ಮ್, ಅಂದರೆ 'ಕೆಲಸ ಮುಗಿಸಿ ನಿಲ್ಲು' ಎಂಬ ಸಿಗ್ನಲ್ ಕಳಿಸುತ್ತದೆ, 30 ಸೆಕೆಂಡಿನ ನಂತರ ಕೊಂದೇ ಬಿಡುತ್ತದೆ. ಸೈಡ್‌ಕಿಕ್ ಸಿಗ್‌ಟರ್ಮ್ ಬಂದಾಗ ಹೊಸ ಜಾಬ್ ತಗೊಳ್ಳುವುದು ನಿಲ್ಲಿಸಿ, 25 ಸೆಕೆಂಡ್ ಕಾದು, ಮುಗಿಯದ ಜಾಬ್‌ಗಳನ್ನು ಕ್ಯೂ ಇರುವ ಡೇಟಾಬೇಸ್ ಆದ ರೆಡಿಸ್‌ಗೆ ವಾಪಸ್ ಹಾಕುತ್ತದೆ. ಫಾರ್ಗೇಟ್‌ನಲ್ಲಿ ಇಸಿಎಸ್‌ನ ಆ 30 ಸೆಕೆಂಡನ್ನು 120 ಸೆಕೆಂಡಿನವರೆಗೆ ಏರಿಸಬಹುದು. ನಾವು 120 ಕೊಟ್ಟು, ಸೈಡ್‌ಕಿಕ್‌ಗೆ 110 ಇಟ್ಟಿದ್ದೇವೆ. ಕಂಟೇನರ್‌ನಲ್ಲಿ ಸೈಡ್‌ಕಿಕ್ ಅನ್ನು ಶೆಲ್ ಸ್ಕ್ರಿಪ್ಟಿನಿಂದ ಶುರು ಮಾಡುವುದಾದರೆ, ಶೆಲ್‌ನ ಜಾಗದಲ್ಲಿ ಸೈಡ್‌ಕಿಕ್ ಅನ್ನೇ ಕೂರಿಸುವ ಎಕ್ಸೆಕ್ (exec) ಕಮಾಂಡ್ ಬಳಸಿ. ಇಲ್ಲದಿದ್ದರೆ ಸಿಗ್ನಲ್ ಶೆಲ್‌ನಲ್ಲೇ ನಿಂತುಬಿಡುತ್ತದೆ, ಸೈಡ್‌ಕಿಕ್‌ಗೆ ಗೊತ್ತೇ ಆಗುವುದಿಲ್ಲ.

ವಾಪಸ್ ಹೋದ ಜಾಬ್ ಮತ್ತೆ ಮೊದಲಿಂದ ಶುರುವಾಗುತ್ತದೆ. ಅದಕ್ಕೆ ಆಲ್ಬಮ್ ಅನ್ನು ಪುಟಕ್ಕೊಂದು ಜಾಬ್ ಆಗಿ ಒಡೆದೆವು. ಪ್ರತಿ ಪುಟಕ್ಕೂ ಎಸ್3ಯಲ್ಲಿ ಒಂದೇ ಹೆಸರು, ಎರಡು ಸಲ ಓಡಿದರೂ ಅದೇ ಫೈಲ್ ಮೇಲೆ ಬರೆಯುತ್ತದೆ.

ಮೇಲಿನ ಮಿತಿಯನ್ನು ಡೇಟಾಬೇಸ್ ನೋಡಿ ಇಡಿ. ಒಂದು ಟಾಸ್ಕ್ ಒಟ್ಟಿಗೇ 5 ಜಾಬ್ ಮಾಡುತ್ತದೆ (5 ಥ್ರೆಡ್), ಪ್ರತಿ ಥ್ರೆಡ್‌ಗೂ ಡೇಟಾಬೇಸ್‌ಗೆ ಒಂದು ಕನೆಕ್ಷನ್. 12 ಟಾಸ್ಕ್ ಅಂದರೆ 60 ಕನೆಕ್ಷನ್. ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಮಿತಿ 100, ವೆಬ್ ಸರ್ವರ್‌ಗೂ ಉಳಿಯಬೇಕಲ್ಲ!

ಹೊಸ ಟಾಸ್ಕ್ ಏಳಲು ಸ್ವಲ್ಪ ಹೊತ್ತು ಬೇಕು. ಅದಕ್ಕೇ ಸೀಸನ್‌ನಲ್ಲಿ ಭಾನುವಾರ ರಾತ್ರಿ 8ಕ್ಕೆ ಕನಿಷ್ಠ ಸಂಖ್ಯೆ ತಾನಾಗಿ 4ಕ್ಕೆ ಏರುವಂತೆ ಶೆಡ್ಯೂಲ್ ಹಾಕಿದ್ದೇವೆ. ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದು ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಲೆಕ್ಕ ಹಿಡಿಯುತ್ತದೆ, ವರ್ಕರ್‌ಗಳು ಏಳುವಾಗ ಇಲ್ಲಿ ರಾತ್ರಿ ಒಂದೂವರೆ.