ಮೇಲಿನ ಮನೆಗಳ ತಾರಸಿ ನೀರನ್ನು ದಾರಿಗೆ ತರುವುದು ಹೇಗೆ

ಬೆಂಗಳೂರಿನಲ್ಲಿ ನಮ್ಮ ಮನೆ ಬೀದಿಯ ತಗ್ಗಿನ ತುದಿಯಲ್ಲಿದೆ. ಜೋರು ಮಳೆ ಬಂದರೆ ಸಾಕು, ಬಚ್ಚಲಿನ ತೂಬಿನಿಂದ ಕೊಳಚೆ ನೀರು ಗುಳುಗುಳು ಅಂತ ಮೇಲೇಳುತ್ತಿತ್ತು. ಕಾರಣ ತಿಳಿಯಲು ಎರಡು ಮಳೆಗಾಲ ಬೇಕಾಯಿತು. ಮೇಲಿನ ಮನೆಗಳ ತಾರಸಿ ಪೈಪುಗಳು ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ ಸೇರಿದ್ದವು. ಯುಜಿಡಿ ಇರುವುದು ಬಚ್ಚಲು, ಕಕ್ಕಸಿನ ನೀರಿಗೆ. ಮಳೆಯನ್ನೂ ಅದರೊಳಗೆ ತುರುಕಿದರೆ ತಗ್ಗಿನ ಮನೆಯಲ್ಲಿ ಉಕ್ಕದೆ ಇನ್ನೇನಾಗುತ್ತೆ?

ನಿಮಗೂ ಹೀಗಾಗುತ್ತಿದ್ದರೆ ಮೊದಲು ನಿಮ್ಮದೇ ತಾರಸಿ ನೋಡಿ. ಬಿಸಿಲಿರುವ ದಿನ ಒಂದು ಬಕೆಟ್ ನೀರಿಗೆ ಎರಡು ಚಮಚ ಅರಿಶಿನ ಕದಡಿ ತಾರಸಿಯ ತೂಬಿಗೆ ಸುರಿಯಿರಿ. ಇನ್ನೊಬ್ಬರು ಕೆಳಗೆ, ಕಾಂಪೌಂಡಿನೊಳಗಿನ ಯುಜಿಡಿ ಚೇಂಬರ್ ಮುಚ್ಚಳ ತೆಗೆದು ನೋಡುತ್ತಿರಲಿ. ಅಲ್ಲಿ ಹಳದಿ ನೀರು ಕಂಡರೆ ನಿಮ್ಮ ಪೈಪೂ ತಪ್ಪು ದಾರಿ ಹಿಡಿದಿದೆ. ನಮ್ಮದೂ ಹಿಡಿದಿತ್ತು. ಬೀದಿಯ ಮ್ಯಾನ್‌ಹೋಲ್ ಮಾತ್ರ ಮುಟ್ಟಬೇಡಿ, ಒಳಗಿನ ಗಾಳಿ ಜೀವ ತೆಗೆಯುತ್ತದೆ.

ನಿಮ್ಮದು ಸರಿಮಾಡಿಸಿದ ಮೇಲೇ ಬೇರೆಯವರ ಬಾಗಿಲು ತಟ್ಟಿ. ಪೈಪು ಕತ್ತರಿಸಿ ಮಳೆನೀರಿನ ಮೋರಿಗೆ ತಿರುಗಿಸಿದರೂ ಆದೀತು. ಆದರೆ ಮೋರಿ ರಾಜಕಾಲುವೆ ಅನ್ನೋ ದೊಡ್ಡ ಮಳೆನೀರು ಕಾಲುವೆಗೆ ಸೇರಿ ಇನ್ಯಾರದೋ ತಗ್ಗಿಗೆ ನುಗ್ಗುತ್ತೆ, ಅಲ್ವಾ? 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ನೆನಪಿರಬಹುದು. ಜಾಗವಿದ್ದರೆ ಇಂಗುಬಾವಿಯೇ ಒಳ್ಳೆಯದು. 3 ಅಡಿ ಅಗಲ, 20 ಅಡಿ ಆಳ, ಒಳಗೆ ಸಿಮೆಂಟ್ ರಿಂಗ್. ರಿಂಗ್‌ಗಳ ಸಂದಿಗೆ ಗಾರೆ ಹಾಕಿಸಬೇಡಿ, ನೀರು ಇಂಗಬೇಕಾದದ್ದು ಅಲ್ಲಿಂದಲೂ. ಪಾಯ, ಸಂಪಿನಿಂದ ದೂರವಿರಲಿ. ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ವಡ್ಡರು ನಗರದ ಸುತ್ತ ಇನ್ನೂ ಇದ್ದಾರೆ. ಅವರನ್ನೇ ಕರೆಸಿ.

ಇನ್ನು ನೆರೆಯವರು. ಕಷ್ಟ ಇರುವುದು ಇಲ್ಲೇ. ಮಳೆಗಾಲ ಮುಗಿದ ಮೇಲೆ ಹೋದರೆ ಎಲ್ಲರೂ ಮರೆತಿರುತ್ತಾರೆ. ಏಪ್ರಿಲ್‌ನಲ್ಲಿ ದೊಡ್ಡ ಮಳೆ ಸುರಿದ ಮಾರನೆಯ ಬೆಳಿಗ್ಗೆಯೇ ಹೋಗಿ. ಬಚ್ಚಲಿನ ವಿಡಿಯೋ ತೋರಿಸಿ. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲಿಗೆ 2009ರಿಂದ ಕಾನೂನಿದೆ, ಆದರೆ ಮಾತು ಅದರಿಂದ ಶುರುಮಾಡಬೇಡಿ. ತಪ್ಪು ಹೊರಿಸಲೂಬೇಡಿ. ಮನೆ ಕಟ್ಟುವಾಗ ಮೇಸ್ತ್ರಿ ಹತ್ತಿರವಾಗುತ್ತೆ ಅಂತ ಜೋಡಿಸಿರುತ್ತಾರೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. "ಅರಿಶಿನ ಹಾಕಿ ನೋಡೋಣ್ವಾ?" ಅಂದರೆ ಮಕ್ಕಳೇ ಬಕೆಟ್ ತರುತ್ತಾರೆ.

ಮೇಲ್ತುದಿಯ ಮನೆಯ ಹಿರಿಯರು, "ತೆರಿಗೆ ಕಟ್ತೀವಲ್ಲಮ್ಮ, ಕಾರ್ಪೊರೇಷನ್ನವರು ನೋಡ್ಕೊಳ್ಲಿ" ಅಂದರು. ನಾನು ವಾದಕ್ಕೆ ಹೋಗಲಿಲ್ಲ. ಅವರ ಕ್ಯಾಲೆಂಡರ್ ಹಿಂದೆಯೇ ಲೆಕ್ಕ ಬರೆದೆ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್. ಅವರ ತಾರಸಿ ಸಾವಿರ ಚದರಡಿ, ಅಂದರೆ ಸುಮಾರು 93 ಚದರ ಮೀಟರ್. 50 ಮಿಲಿಮೀಟರ್ ಸುರಿದ ಒಂದೇ ಸಂಜೆ 4,600 ಲೀಟರ್, ಒಂದು ಸಣ್ಣ ಟ್ಯಾಂಕರ್ ನೀರು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಬತ್ತಿ ಅವರೂ ಟ್ಯಾಂಕರಿಗೆ ಕಾದು ಕೂತಿದ್ದವರು. ಕ್ಯಾಲೆಂಡರನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಆಮೇಲೆ, "ಇದು ನನ್ನ ಸಂಪಿಗೇ ಬರೋ ಹಾಗೆ ಮಾಡಕ್ಕಾಗಲ್ವಾ?" ಅಂದರು.

ಆಗುತ್ತೆ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಮರಳಿನ ಫಿಲ್ಟರ್ ದಾಟಿಸಿ ಸಂಪಿಗೆ ಬಿಡಬೇಕು. ಸಂಪು ತುಂಬಿದ ಮೇಲೆ ಉಳಿದದ್ದು ಇಂಗುಬಾವಿಗೆ. ಬೇಸಿಗೆಯಲ್ಲಿ ಒಣಗಿದ ಎಲೆ ಬಿದ್ದ ತಾರಸಿ ಗುಡಿಸಿ, ತೂಬಿನ ಜಾಲರಿ ತೊಳೆದಿಡಿ. ಸೊಳ್ಳೆ ಬಾರದ ಹಾಗೆ ಬಾವಿಗೆ ಗಟ್ಟಿ ಮುಚ್ಚಳ ಹಾಕಿಸಿ, ಅದರ ಮೇಲೆ ಮಕ್ಕಳು ಓಡಾಡುತ್ತಾರೆ.